‘ಮನೆಗೆಲಸ’ ಎಂಬ ಮಾತಿನ ಎರಡು ಅರ್ಥ: ಶಾಲಾದಿನವೊಂದರ ಅಧ್ಯಯನ

ಪೀಠಿಕೆ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಭಾಷೆಯ ಆಧಾರದ ಮೇಲೆ ವಿಭಜನೆಗೊಂಡಾಗ ಗಡಿರೇಖೆಯ ಆಚೆಗೂ ಈಚೆಗೂ ಒಂದೇ ಮಾತನ್ನಾಡುವ ಮನೆಗಳು ಉಳಿದವು. ಅಂದು ಮಹಬೂಬ್‌ನಗರ ಜಿಲ್ಲೆಯಲ್ಲಿದ್ದು, 2019ರ ಫೆಬ್ರವರಿ 17ರಿಂದ ನಾರಾಯಣಪೇಟ ಜಿಲ್ಲೆಗೆ ಸೇರಿರುವ ಉಟ್ಕೂರು, ಮಕ್ತಲ್ ಮೊದಲಾದ ಕಡೆಗಳಲ್ಲಿ ಕನ್ನಡವು ಇಂದಿಗೂ ಮನೆಯ ಮಾತಾಗಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬುದು ಸಂವಿಧಾನದ 350ಎ ವಿಧಿಯ ಆಶಯ. ಈ ಆಶಯವು ಕೈಗೂಡುವುದು ಅಥವಾ ಕೈತಪ್ಪುವುದು ಆದೇಶಪತ್ರಗಳಲ್ಲಿ ಅಲ್ಲ, ತರಗತಿಯ ಒಂದು ಸಾಮಾನ್ಯ ದಿನದಲ್ಲಿ. ಅಂತಹ ಒಂದು ದಿನವನ್ನು ಮಾದರಿಯಾಗಿ ಕಲ್ಪಿಸಿಕೊಂಡು, ಬೆಳಗಿನ ಹಾಜರಿಯಿಂದ ಮರುದಿನದ ಮನೆಗೆಲಸದ ಪರಿಶೀಲನೆಯವರೆಗೆ ಇಲ್ಲಿ ಅವಲೋಕಿಸಲಾಗಿದೆ.

ಬೆಳಗಿನ ಪ್ರಶ್ನೆ

ಉಟ್ಕೂರು ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆ. ಐದು ತರಗತಿಗಳು, ಇಬ್ಬರು ಶಿಕ್ಷಕರು. ಅರವತ್ತರವರೆಗೆ ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರೆಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕವಾದುದರಿಂದ, ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುವುದು ಇಲ್ಲಿ ಅಪವಾದವಲ್ಲ. ಹಾಜರಿ ಮುಗಿದ ಬಳಿಕ ಶಿಕ್ಷಕಿಯು ಮೂರನೆಯ ತರಗತಿಯ ಬಾಲಕಿಯೊಬ್ಬಳನ್ನು ಕೇಳುತ್ತಾಳೆ: “ಮನೆಗೆಲಸ ಮಾಡಿದೆಯಾ?” ಬಾಲಕಿಯು ಹಿಂಜರಿಯದೆ “ಮಾಡೀನ್ರಿ” ಎನ್ನುತ್ತಾಳೆ. ಪುಸ್ತಕ ತೆರೆದರೆ ಪುಟ ಖಾಲಿ.

ಇದನ್ನು ಸುಳ್ಳೆಂದು ಭಾವಿಸುವುದು ಸುಲಭ. ಆದರೆ ಬಾಲಕಿಯ ದೃಷ್ಟಿಯಲ್ಲಿ ಉತ್ತರವು ನಿಜವೇ. ಆಕೆ ನೀರು ತಂದಿದ್ದಾಳೆ, ಪಾತ್ರೆ ತೊಳೆದಿದ್ದಾಳೆ, ತಾಯಿಯು ಹತ್ತಿ ಬಿಡಿಸಲು ಹೋದಾಗ ತಮ್ಮನನ್ನು ಎತ್ತಿಕೊಂಡಿದ್ದಾಳೆ. ‘ಮನೆಗೆಲಸ’ ಎಂಬುದಕ್ಕೆ ಆಕೆಯ ಮನೆಯಲ್ಲಿರುವ ಅರ್ಥ ಇದೊಂದೇ. ಶಾಲೆಯು ಅದೇ ಪದಕ್ಕೆ ಮತ್ತೊಂದು ಅರ್ಥವನ್ನು ಕೊಟ್ಟಿದೆ, ಆದರೆ ಅದನ್ನು ಮಾಡಲು ಬೇಕಾದ ಹೊತ್ತನ್ನಾಗಲಿ, ಬೆಳಕನ್ನಾಗಲಿ, ಓದಬಲ್ಲ ಹಿರಿಯರನ್ನಾಗಲಿ ಕೊಟ್ಟಿಲ್ಲ. ಈ ಕ್ಷಣದಲ್ಲಿ ಶಿಕ್ಷಕಿಯು ಬಾಲಕಿಯನ್ನು ಎದ್ದು ನಿಲ್ಲಿಸಿ ನಾಚಿಸಿದರೆ, ನಾಳೆ ಆ ಸ್ಥಳವು ಖಾಲಿಯಾಗಬಹುದು. ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ನಿಷೇಧಿಸಿರುವುದನ್ನು ಇಲ್ಲಿ ನೆನೆಯತಕ್ಕದ್ದು.

ಶಿಕ್ಷಕಿಯು ಕೇಳಬೇಕಾದ ಮರುಪ್ರಶ್ನೆ: “ಏನೇನು ಮಾಡಿದೆ, ಹೇಳು.” ಬಾಲಕಿಯು ಹೇಳಿದ ಮೂರು ಮಾತುಗಳನ್ನು ಆಕೆ ಕಪ್ಪುಹಲಗೆಯ ಮೇಲೆ ಮೂರು ವಾಕ್ಯಗಳಾಗಿ ಬರೆಯುತ್ತಾಳೆ. ಅಂದಿನ ಓದಿನ ಪಾಠವು ಅಲ್ಲಿಂದಲೇ ಆರಂಭವಾಗುತ್ತದೆ. ತನ್ನ ಮಾತು ಬರಹವಾಗುವುದನ್ನು ಕಂಡ ಮಗುವು ಆ ಬರಹವನ್ನು ಓದಲು ತಾನೇ ಮುಂದೆ ಬರುತ್ತದೆ.

ಭಾಷೆಯ ಅವಧಿ

2018ರ ಕಾಯಿದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಹೀಗಾಗಿ ಕನ್ನಡ ಮಾಧ್ಯಮದ ಮಗುವು ಒಡಹುಟ್ಟಿದಂತೆ ಕಾಣುವ ಎರಡು ಲಿಪಿಗಳನ್ನು ಜೊತೆಯಲ್ಲಿ ಕಲಿಯುತ್ತದೆ. ಗ, ಜ, ದ, ಸ ಮುಂತಾದವು ಎರಡರಲ್ಲಿಯೂ ಹತ್ತಿರದ ರೂಪದವು. ಕ, ತ, ಶ ಎಂಬವುಗಳ ರೂಪ ಬೇರೆ. ತಲಕಟ್ಟಿನ ಆಕಾರವೂ ಬೇರೆ. ಮಗುವು ಕನ್ನಡ ಪದದ ನಡುವೆ ತೆಲುಗಿನ ‘ಕ’ವನ್ನು ಬರೆದರೆ ಅದು ಅಜ್ಞಾನದ ಗುರುತಲ್ಲ, ಎರಡು ಲಿಪಿಗಳು ಮನಸ್ಸಿನಲ್ಲಿ ಇನ್ನೂ ಬೇರ್ಪಟ್ಟಿಲ್ಲವೆಂಬುದರ ಸೂಚನೆ. ಕೆಂಪು ಗೆರೆ ಎಳೆಯುವ ಬದಲು ಎರಡೂ ಅಕ್ಷರಗಳನ್ನು ಅಕ್ಕಪಕ್ಕ ಬರೆದು “ಎಲ್ಲಿ ವ್ಯತ್ಯಾಸವಿದೆ?” ಎಂದು ಮಕ್ಕಳಿಂದಲೇ ತೋರಿಸಬೇಕು.

ಪದಗಳ ಮಟ್ಟದಲ್ಲಿ ಈ ನೆರೆಹೊರೆಯು ಒಂದು ಸಂಪತ್ತು. ತೆಲುಗಿನ ಪಾಲು, ಪುಲಿ, ಪಂದಿ, ಪಾಮುಗಳ ಎದುರು ಕನ್ನಡದ ಹಾಲು, ಹುಲಿ, ಹಂದಿ, ಹಾವುಗಳನ್ನು ಬರೆದರೆ ನಾಲ್ಕನೆಯ ತರಗತಿಯ ಮಗುವೇ ನಿಯಮವನ್ನು ಕಂಡುಹಿಡಿಯುತ್ತದೆ: ಅಲ್ಲಿ ‘ಪ’ ಇದ್ದಲ್ಲಿ ಇಲ್ಲಿ ‘ಹ’. ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪಂದಿ, ಪಾವು ಎಂದೇ ಇದ್ದವೆಂದು ಶಿಕ್ಷಕಿಯು ತಿಳಿಸಬಹುದು. ಜೊತೆಗೆ ಎಚ್ಚರಿಕೆಯನ್ನೂ ಕಲಿಸಬೇಕು. ಕನ್ನಡದಲ್ಲಿ ‘ಪಾಲು’ ಎಂದರೆ ಭಾಗ. ಕನ್ನಡದ ‘ನೆಲ’ ಭೂಮಿ. ತೆಲುಗಿನ ‘ನೆಲ’ ತಿಂಗಳು, ಅಲ್ಲಿ ಭೂಮಿಗೆ ದೀರ್ಘವಿರುವ ‘ನೇಲ’. ಒಂದು ದೀರ್ಘಸ್ವರವು ಅರ್ಥವನ್ನೇ ಬದಲಿಸುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಪರೂಪ.

ಗಣಿತದ ಅವಧಿ

ಶಿಕ್ಷಕಿಯು ಮೂರನೆಯ ತರಗತಿಗೆ ನೇರವಾಗಿ ಕಲಿಸುವ ಇಪ್ಪತ್ತು ನಿಮಿಷಗಳಲ್ಲಿ ನಾಲ್ಕನೆಯ ತರಗತಿಯು ಜೋಡಿಯಾಗಿ ಓದುತ್ತದೆ, ಐದನೆಯ ತರಗತಿಯು ಬರೆಯುತ್ತದೆ. ಅನಂತರ ಸರದಿ ಬದಲಾಗುತ್ತದೆ. ಹಲಗೆಯ ಮೇಲಿನ ಲೆಕ್ಕ ಹೀಗಿದೆ: ಒಬ್ಬಾಕೆ ಬೆಳಿಗ್ಗೆ 18 ಕಿಲೋ, ಮಧ್ಯಾಹ್ನದ ಮೇಲೆ 14 ಕಿಲೋ ಹತ್ತಿ ಬಿಡಿಸಿದಳು, ಒಟ್ಟು ಎಷ್ಟು?

ಒಬ್ಬ ಬಾಲಕನ ಉತ್ತರ 212. ಎಂಟು ಮತ್ತು ನಾಲ್ಕು ಕೂಡಿದರೆ ಹನ್ನೆರಡು. ಒಂದು ಮತ್ತು ಒಂದು ಕೂಡಿದರೆ ಎರಡು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾನೆ. ಕೂಡಿಸುವುದು ಅವನಿಗೆ ತಿಳಿದಿದೆ, ಸ್ಥಾನಬೆಲೆ ತಿಳಿದಿಲ್ಲ. “ತಪ್ಪು” ಎನ್ನುವ ಬದಲು ಶಿಕ್ಷಕಿಯು “ನಿಮ್ಮ ಅವ್ವ ಒಂದು ದಿನಕ್ಕೆ ಇಷ್ಟು ಬಿಡಿಸುತ್ತಾಳೆಯೇ?” ಎಂದು ಕೇಳಿದರೆ ಬಾಲಕನು ತಾನೇ ನಕ್ಕು ಬಳಪವನ್ನು ಕೈಗೆತ್ತಿಕೊಳ್ಳುತ್ತಾನೆ. ಅನಂತರ ಜೋಳದ ದಂಟಿನ ಕಡ್ಡಿಗಳನ್ನು ಹತ್ತರ ಕಟ್ಟುಗಳಾಗಿ ಕಟ್ಟಿಸಬೇಕು. 18ಕ್ಕೆ ಒಂದು ಕಟ್ಟು, ಎಂಟು ಬಿಡಿ. 14ಕ್ಕೆ ಒಂದು ಕಟ್ಟು, ನಾಲ್ಕು ಬಿಡಿ. ಬಿಡಿಗಳು ಹನ್ನೆರಡಾದೊಡನೆ ಅವುಗಳಲ್ಲಿ ಹತ್ತನ್ನು ಹೊಸ ಕಟ್ಟಾಗಿಸಿದರೆ ಮೂರು ಕಟ್ಟು, ಎರಡು ಬಿಡಿ: 32. ‘ದಶಕ’ ಎಂಬ ಪದವು ಆಗ ಕೈಯೊಳಗಿನ ವಸ್ತುವಾಗುತ್ತದೆ.

ಮನೆಗೆ ಏನನ್ನು ಕಳುಹಿಸಬೇಕು?

ಎರಡನೆಯ ತರಗತಿಯವರೆಗೆ ಮನೆಗೆಲಸವೇ ಬೇಡ, ಮೂರರಿಂದ ಐದನೆಯ ತರಗತಿಯವರೆಗೆ ವಾರಕ್ಕೆ ಎರಡು ಗಂಟೆ ಮೀರಬಾರದು ಎಂದು 2020ರ ಶಾಲಾ ಚೀಲ ನೀತಿಯು ಹೇಳುತ್ತದೆ. ದಿನಕ್ಕೆ ಹಂಚಿದರೆ ಇದು ಇಪ್ಪತ್ತು ನಿಮಿಷ. ಪಾಠವನ್ನು ಐದು ಬಾರಿ ನಕಲು ಮಾಡಿಸುವುದಕ್ಕೆ ಈ ಅಲ್ಪ ಅವಧಿಯನ್ನು ವ್ಯಯಿಸುವುದು ವಿವೇಕವಲ್ಲ.

ಒಳ್ಳೆಯ ಮನೆಗೆಲಸಕ್ಕೆ ಮೂರು ಲಕ್ಷಣಗಳಿರಬೇಕು. ಮೊದಲನೆಯದು, ಓದುಬಲ್ಲವರ ನೆರವಿಲ್ಲದೆ ಮಾಡುವಂತಿರಬೇಕು. ಎರಡನೆಯದು, ಮನೆಯವರ ಅನುಭವಕ್ಕೆ ಅದರಲ್ಲಿ ಸ್ಥಾನವಿರಬೇಕು. ಮೂರನೆಯದು, ಮರುದಿನ ತರಗತಿಯಲ್ಲಿ ಅದು ಬಳಕೆಗೆ ಬರಬೇಕು. ಉದಾಹರಣೆಗೆ: ಅಜ್ಜಿಯಿಂದ ಒಂದು ಒಗಟನ್ನು ಕೇಳಿ ನೆನಪಿಟ್ಟು ಬರುವುದು, ಮನೆಯಲ್ಲಿ ‘ಹ’ದಿಂದ ಆರಂಭವಾಗುವ ಐದು ವಸ್ತುಗಳ ಹೆಸರು ಬರೆಯುವುದು, ರೊಟ್ಟಿಗಳನ್ನು ಎಣಿಸಿ ಎಷ್ಟು ಜನರಿಗೆ ಎಷ್ಟು ಪಾಲು ಬಂತೆಂದು ಹೇಳುವುದು. ನೇಕಾರರ ಮನೆಯ ಮಗುವು ನಾರಾಯಣಪೇಟ ಸೀರೆಯ ಚೌಕಟ್ಟುಗಳನ್ನು ಎಣಿಸಿ ಬರಲಿ. ಮನೆಮಾತು ತೆಲುಗು, ಉರ್ದು ಅಥವಾ ಲಂಬಾಣಿಯಾಗಿದ್ದರೆ ಒಗಟು ಆ ಭಾಷೆಯಲ್ಲಿಯೇ ಬರಲಿ. ಕನ್ನಡಕ್ಕೆ ತರುವ ಕೆಲಸವನ್ನು ತರಗತಿಯು ಸೇರಿ ಮಾಡಲಿ.

ತಂದೆತಾಯಿಯರು ದುಡಿಮೆಗಾಗಿ ಊರು ಬಿಟ್ಟು ಹೋಗುವ ಮನೆಗಳ ಮಕ್ಕಳಿಗೆ, ಹೊರಡುವ ಮುನ್ನವೇ, ಕಲಿತ ಪದಗಳ ಮತ್ತು ಲೆಕ್ಕಗಳ ಒಂದು ಚಿಕ್ಕ ಹೊತ್ತಗೆಯನ್ನು ಅವರ ಕೈಯಿಂದಲೇ ಬರೆಸಿ ಕೊಡುವುದು ಲೇಸು. ಮರಳಿ ಬಂದಾಗ ಪಾಠವು ಅಲ್ಲಿಂದ ಮುಂದುವರಿಯುತ್ತದೆ.

ಮರುದಿನ

ಬಾಲಕಿಯು ಈ ಸಲ ಪುಸ್ತಕ ತೆರೆಯುವ ಮೊದಲೇ ಒಗಟನ್ನು ಹೇಳುತ್ತಾಳೆ. ಪುಟದಲ್ಲಿ ಮೂರೇ ಪದಗಳಿವೆ, ಒಂದರಲ್ಲಿ ತೆಲುಗಿನ ‘ತ’ ನುಸುಳಿದೆ. ಶಿಕ್ಷಕಿಯು ಮೂರಕ್ಕೂ ಗುರುತು ಹಾಕಿ, ನುಸುಳಿದ ಅಕ್ಷರದ ಪಕ್ಕದಲ್ಲಿ ಕನ್ನಡದ ‘ತ’ವನ್ನು ಬರೆದು ಕೊಡುತ್ತಾಳೆ. ಮನೆಗೆಲಸವನ್ನು ಪರಿಶೀಲಿಸುವುದೆಂದರೆ ಇಷ್ಟೇ: ಮಗುವು ಎಲ್ಲಿದೆಯೆಂದು ತಿಳಿಯುವುದು, ಮುಂದಿನ ಹೆಜ್ಜೆಯನ್ನು ತೋರಿಸುವುದು.

ಚಿಂತನೆಗೆ

1. ತಮ್ಮ ತರಗತಿಯಲ್ಲಿ ಕಳೆದ ವಾರ ಕೊಟ್ಟ ಮನೆಗೆಲಸಗಳಲ್ಲಿ ಓದುಬಲ್ಲವರ ನೆರವಿಲ್ಲದೆ ಮಾಡಬಹುದಾದವು ಎಷ್ಟು?
2. ಕನ್ನಡ ಮತ್ತು ತೆಲುಗು ಲಿಪಿಗಳ ನಡುವೆ ಮಕ್ಕಳು ಗೊಂದಲಗೊಳ್ಳುವ ಅಕ್ಷರಗಳನ್ನು ಒಂದು ತಿಂಗಳ ಕಾಲ ಪಟ್ಟಿ ಮಾಡಿರಿ.
3. ಒಂದು ತಪ್ಪು ಉತ್ತರವನ್ನು ಆರಿಸಿ, ಅದರ ಹಿಂದೆ ಮಗುವು ಅನುಸರಿಸಿದ ತರ್ಕವನ್ನು ಬರೆಯಿರಿ.