ಟರ್ಬೊ ಎಂಜಿನ್ನಿನ ಬೈಪಾಸ್ ವಾಲ್ವ್: ಹೊಂದಾಣಿಕೆ, ವಾರಂಟಿ ಮತ್ತು ಲೆಕ್ಕಪತ್ರ

ಟರ್ಬೊ ಪೆಟ್ರೋಲ್ ಕಾರುಗಳ ಬದಲಿ ಬೈಪಾಸ್ ವಾಲ್ವ್‌ಗಳನ್ನು ತಯಾರಿಸುವ ಹಾಗೂ ಮಾರುವ ಸದಸ್ಯರು ಒಂದು ವಿಷಯವನ್ನು ಗಮನಿಸುವುದು ಅಗತ್ಯ. 'ದೋಷಯುಕ್ತ' ಎಂಬ ಚೀಟಿ ಹೊತ್ತು ಹಿಂದಿರುಗುವ ವಾಲ್ವ್‌ಗಳೆಲ್ಲವೂ ದೋಷಯುಕ್ತವಾಗಿರುವುದಿಲ್ಲ. ಸ್ಪ್ರಿಂಗಿನ ಬಿಗಿ ತಪ್ಪಿದ್ದರೂ ದೂರು ಬರುತ್ತದೆ. ನಷ್ಟ ಮಾತ್ರ ಮಾರಿದವರ ಖಾತೆಗೆ ಬೀಳುತ್ತದೆ.

ಕಾರ್ಯವಿಧಾನ

ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಕಂಪ್ರೆಸರ್ ಮಾತ್ರ ತಿರುಗುತ್ತಲೇ ಇರುತ್ತದೆ. ದಾರಿ ಕಾಣದ ಗಾಳಿಯು ಹಿಮ್ಮುಖವಾಗಿ ಕಂಪ್ರೆಸರಿಗೆ ಬಡಿಯುತ್ತದೆ. ಆ ಕ್ಷಣದಲ್ಲಿ ಮ್ಯಾನಿಫೋಲ್ಡಿನ ನಿರ್ವಾತವು ವಾಲ್ವನ್ನು ತೆರೆದು, ಹೆಚ್ಚುವರಿ ಗಾಳಿಯನ್ನು ಕಂಪ್ರೆಸರಿನ ಒಳಮುಖಕ್ಕೆ ಮರಳಿಸುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಥ್ರಾಟಲಿನಿಂದ ಶಕ್ತಿಯನ್ನು ನಿಯಂತ್ರಿಸುವುದಿಲ್ಲವಾದ್ದರಿಂದ ಈ ವಾಲ್ವಿನ ಅಗತ್ಯ ಬೀಳುವುದಿಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ವಾಲ್ವ್ ವಿದ್ಯುತ್ ಚಾಲಿತವಾಗಿರುತ್ತದೆ. ಆದಕಾರಣ ಮಾರುವ ಮೊದಲೇ ಕಾರಿನ ಮಾದರಿಯನ್ನು ವಿಚಾರಿಸತಕ್ಕದ್ದು.

ಹೊಂದಾಣಿಕೆಯ ಕ್ರಮ

1. ನಿರ್ವಾತದ ಕೊಳವೆ ಸೀಳಿಲ್ಲದೆ, ಸಡಿಲವಾಗಿಲ್ಲದೆ ಇರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

2. ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ನಿರ್ವಾತವನ್ನು ಅಳೆಯಬೇಕು. ಸಮುದ್ರಮಟ್ಟದಲ್ಲಿ ಇದು ಸಾಮಾನ್ಯವಾಗಿ 18ರಿಂದ 22 ಅಂಗುಲ ಪಾದರಸ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1 ಅಂಗುಲ ಕಡಿಮೆಯಾಗುತ್ತದೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಅಳತೆಯನ್ನು ಮಂಗಳೂರಿನದಕ್ಕೆ ನೇರವಾಗಿ ಹೋಲಿಸಲಾಗದು.

3. ತಿರುಪನ್ನು ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ, ನಟ್ ಬಿಗಿದು ಪರೀಕ್ಷಿಸಬೇಕು. ಕಾಲು ತೆಗೆದಾಗ ಪಟಪಟ ಸದ್ದು ಕೇಳಿದರೆ ಸ್ಪ್ರಿಂಗ್ ಅತಿಬಿಗಿ. ಒತ್ತಡ ತಡವಾಗಿ ಏರಿದರೆ ಅತಿಸಡಿಲ. ಪೂರ್ಣ ಒತ್ತಡ ಸೋರದಂತೆ ಎಷ್ಟು ಸಡಿಲವಿರಿಸಲು ಸಾಧ್ಯವೋ ಅಷ್ಟು ಸಡಿಲವೇ ಯೋಗ್ಯ.

4. ಗಾಳಿಯನ್ನು ಹೊರಕ್ಕೆ ಬಿಡುವ ಬಗೆಯ ವಾಲ್ವ್ ಐಡಲಿನಲ್ಲಿ ಮುಚ್ಚಿರಲೇಬೇಕು. ಗಾಳಿಯ ತೂಕ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಅಳೆದ ಗಾಳಿಯು ಹೊರಹೋದರೆ ಇಂಧನ ಹೆಚ್ಚಾಗಿ, ಎಂಜಿನ್ ನಿಂತುಹೋಗಬಹುದು. ಕ್ಯಾಟಲಿಟಿಕ್ ಕನ್ವರ್ಟರಿಗೂ ಹಾನಿ.

ಹಿಂದಿರುಗಿದ ಸರಕಿನ ಲೆಕ್ಕ

ಉದಾಹರಣೆಗೆ, 5,100 ರೂ. ವೆಚ್ಚದ ವಾಲ್ವನ್ನು 6,000 ರೂ.ಗೆ ಮಾರಿದರೆ ಲಾಭ 900 ರೂ. ಅದು ಹಿಂದಿರುಗಿ, ಬದಲಿ ಕೊಟ್ಟಿರೆಂದು ಭಾವಿಸೋಣ. ಸಾಗಣೆ 400, ಪರೀಕ್ಷೆಯ ಕೂಲಿ 200, ಹಳೆಯದನ್ನು 3,000ಕ್ಕೆ ಮಾರಿದ್ದರಿಂದ ಆದ ನಷ್ಟ 2,100. ಒಟ್ಟು 2,700 ರೂ. ಅಂದರೆ ಮೂರು ವಾಲ್ವ್‌ಗಳ ಲಾಭ ಒಂದೇ ದೂರಿನಲ್ಲಿ ಕರಗಿತು. ಮೇಲಿನ ಕ್ರಮವನ್ನು ಕನ್ನಡದಲ್ಲಿ ಮುದ್ರಿಸಿ ಪೆಟ್ಟಿಗೆಯಲ್ಲಿರಿಸುವ ಖರ್ಚು ಇದರ ಮುಂದೆ ಅತ್ಯಲ್ಪ.

ಹಣ ಮರಳಿಸುವುದಾದರೆ ಜಿಎಸ್‌ಟಿ ಕಾಯಿದೆಯ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ನೀಡಬೇಕು. ಮಾರಾಟವಾದ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲಿನದೇ ಅದನ್ನು ಘೋಷಿಸುವ ಗಡುವು.

ವಾರಂಟಿಯ ಮೀಸಲು

ವಾಲ್ವ್ ಚಾಲಕಗಳನ್ನು ತಯಾರಿಸುವ ರೋಟಾರ್ಕ್ ಕಂಟ್ರೋಲ್ಸ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ವಾರಂಟಿ ಮೀಸಲಿನ ಕಡಿತವನ್ನು ಒಪ್ಪಿತು. ಹಿಂದಿನ ವ್ಯವಹಾರದಿಂದ ಹುಟ್ಟಿದ ಹೊಣೆ, ವೆಚ್ಚವಾಗುವ ಸಂಭವ, ನಂಬಲರ್ಹ ಅಂದಾಜು, ಈ ಮೂರೂ ಇರಬೇಕೆಂಬುದು ತೀರ್ಪಿನ ಸಾರ. ಅಂದಾಜಿಗೆ ಆಧಾರ ಹಿಂದಿನ ವರ್ಷಗಳ ದಾಖಲೆ. ಆದ್ದರಿಂದ ಹಿಂದಿರುಗಿದ ಪ್ರತಿ ವಾಲ್ವಿನ ಎದುರು 'ದೋಷ' ಅಥವಾ 'ಹೊಂದಾಣಿಕೆ' ಎಂದು ಕಾರಣವನ್ನು ಬರೆದಿಡಿ.

ಕಾನೂನಿನ ಎಚ್ಚರಿಕೆ

ನೋಂದಣಿಯ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಮೂಲ ವಾಲ್ವಿನಂತೆಯೇ ಗಾಳಿಯನ್ನು ಒಳಕ್ಕೆ ಮರಳಿಸುವ ಬಗೆಯನ್ನು ಮಾರುವುದು ಗ್ರಾಹಕರಿಗೂ ವರ್ತಕರಿಗೂ ಕ್ಷೇಮಕರ.