ಮುಟ್ಟು ಸರಿಹೋದರೆ ಸಾಲದು, ಮಗಳೇ

ಮಗಳೇ, ಡಾಕ್ಟರು ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಎಂದ ದಿನದಿಂದ ಮನೆಯಲ್ಲಿ ಎರಡೇ ಪ್ರಶ್ನೆ ಸುತ್ತುತ್ತಿರಬೇಕು: ಮುಟ್ಟು ಯಾವಾಗ ಸರಿಹೋದೀತು, ಮುಂದೆ ಮಕ್ಕಳಾದಾವೋ ಇಲ್ಲವೋ. "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಎನ್ನುವವರೂ ಸಿಗುತ್ತಾರೆ. ಮದುವೆ ಇದಕ್ಕೆ ಮದ್ದಲ್ಲ. ಮಕ್ಕಳ ಚಿಂತೆಗೆ ಒಳ್ಳೆಯ ಚಿಕಿತ್ಸೆಯಿದೆ. ಈ ತೊಂದರೆಯಿದ್ದೂ ತಾಯಂದಿರಾದವರು ಬೇಕಾದಷ್ಟು ಜನ. ನಾನು ಕೇಳುವುದು ಬೇರೆ: ನಿನ್ನ ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸಿದ್ದೀಯಾ?

ಹೆಸರಿನಲ್ಲಿ ಅಂಡಾಶಯವಿದ್ದರೂ ಇದು ಇಡೀ ಮೈಗೆ ಸೇರಿದ ಕಾಯಿಲೆ. ಇದಿರುವ ಬಹುಪಾಲು ಹೆಣ್ಣುಮಕ್ಕಳ ಮೈ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಏರಿಸುತ್ತದೆ. ಗಲ್ಲದ ಕೂದಲು, ಮೊಡವೆ, ತಪ್ಪುವ ಮುಟ್ಟು ಇವೆಲ್ಲ ಅಲ್ಲಿಂದ ಬಂದವು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ ಉಜ್ಜಿ ಉಜ್ಜಿ ತೊಳೆಯಬೇಡ. ಅದು ಕೊಳೆಯಲ್ಲ, ಹೆಚ್ಚಾದ ಇನ್ಸುಲಿನ್ನಿನ ಗುರುತಿರಬಹುದು, ಡಾಕ್ಟರಿಗೆ ತೋರಿಸು.

"ನಾನು ತೆಳ್ಳಗಿದ್ದೇನೆ, ಇನ್ನೂ ಇಪ್ಪತ್ತೆರಡು ವರ್ಷ, ನನಗ್ಯಾಕೆ ಶುಗರ್ ಟೆಸ್ಟು?" ಎನ್ನಬೇಡ. ವಯಸ್ಸು, ತೂಕ ಎಷ್ಟೇ ಇರಲಿ, ಕಾಯಿಲೆ ಗೊತ್ತಾದಾಗಲೇ ಸಕ್ಕರೆ ಪರೀಕ್ಷಿಸಬೇಕು, ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ ಮತ್ತೆ ನೋಡಬೇಕು ಎನ್ನುತ್ತದೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ. ನಮ್ಮ ಜನಕ್ಕೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹತ್ತುತ್ತದೆ. ಅಪ್ಪ ಅಮ್ಮನಿಗೆ ಅದಿದ್ದರಂತೂ ಮುಂದೂಡಲೇಬೇಡ.

ಖಾಲಿ ಹೊಟ್ಟೆಯ ಸಕ್ಕರೆಯೊಂದನ್ನೇ ನೋಡಿ ನಿಶ್ಚಿಂತಳಾಗಬೇಡ. ಅದು ಸರಿಯಿದ್ದೂ ಒಳಗೆ ತೊಂದರೆ ಶುರುವಾಗಿರಬಹುದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ತೆಗೆಯುವ ಜಿಟಿಟಿಯೇ ಹೆಚ್ಚು ನಂಬಿಕಸ್ಥ. ಆಗ 140ರ ಒಳಗಿದ್ದರೆ ಸರಿ, 140ರಿಂದ 199 ಎಚ್ಚರಿಕೆಯ ಹಂತ, 200 ಮುಟ್ಟಿದರೆ ಸಕ್ಕರೆ ಕಾಯಿಲೆಯ ಮಟ್ಟ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಲಭವೇನೋ ನಿಜ, ಆದರೆ ರಕ್ತಹೀನತೆಯಿದ್ದರೆ ಅದರ ಲೆಕ್ಕ ತಪ್ಪಬಹುದು. ನಮ್ಮಲ್ಲಿ ರಕ್ತಹೀನತೆಯಿರುವ ಹುಡುಗಿಯರೇನು ಕಡಿಮೆಯೇ? ಹಿಮೋಗ್ಲೋಬಿನ್ನನ್ನೂ ಜೊತೆಗೇ ನೋಡಿಸು. ಪ್ಯಾಕೇಜಿನ ಹೆಸರಲ್ಲಿ ಇನ್ಸುಲಿನ್ ಮಟ್ಟ ಅಳೆಯಲು ದುಡ್ಡು ಸುರಿಯಬೇಡ. ಎಲ್ಲರಿಗೂ ಅದನ್ನು ಮಾಡಿಸಬೇಕೆಂದು ಮಾರ್ಗಸೂಚಿ ಹೇಳುವುದಿಲ್ಲ.

ವರ್ಷಕ್ಕೊಮ್ಮೆ ಬಿಪಿ ನೋಡಿಸು. ಕೊಲೆಸ್ಟರಾಲ್ ಪರೀಕ್ಷೆ ಈಗೊಮ್ಮೆ ಆಗಲಿ. ಟ್ರೈಗ್ಲಿಸರೈಡ್ 150ರ ಒಳಗೆ, ಒಳ್ಳೆಯ ಕೊಲೆಸ್ಟರಾಲ್ 50ರ ಮೇಲೆ ಇದ್ದರೆ ಚೆನ್ನು. ಸೊಂಟದ ಸುತ್ತಳತೆಗೆ ಟೈಲರ್ ಟೇಪೇ ಸಾಕು: ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಜೋರಾಗಿ ಗೊರಕೆ ಹೊಡೆಯುತ್ತೀಯೆ, ಎಷ್ಟು ಮಲಗಿದರೂ ಹಗಲೆಲ್ಲ ತೂಕಡಿಕೆಯೇ, ಅಥವಾ ಮನಸ್ಸು ವಾರಗಟ್ಟಲೆ ಕುಗ್ಗಿಯೇ ಇದೆಯೇ? ಅದನ್ನೂ ಡಾಕ್ಟರಿಗೆ ಹೇಳು. ಇವೂ ಈ ಕಾಯಿಲೆಯ ಜೊತೆ ಬರುವವೇ.

ಹೆಚ್ಚು ಜನ ಎಡವುವುದು ಮಾತ್ರೆಯ ವಿಷಯದಲ್ಲಿ. ಹಾರ್ಮೋನ್ ಮಾತ್ರೆ ಶುರುಮಾಡಿದ ಮೇಲೆ ತಿಂಗಳು ತಿಂಗಳು ಸರಿಯಾಗಿ ಸ್ರಾವವಾಗುತ್ತದೆ, ಫೈಲು ಬೀರು ಸೇರುತ್ತದೆ. ಮಾತ್ರೆ ಗರ್ಭಕೋಶದ ಒಳಪದರವನ್ನು ಕಾಪಾಡುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಸಕ್ಕರೆಗೆ ಅದು ಕಾವಲಲ್ಲ. ಮಾತ್ರೆಯಿಲ್ಲದೆ ಮೂರು ತಿಂಗಳು ದಾಟಿಯೂ ಮುಟ್ಟಾಗದಿದ್ದರೆ ಮಾತ್ರ ಸುಮ್ಮನೆ ಕೂರಬೇಡ.

ಅಂಕಿಗಳು ಎಚ್ಚರಿಕೆ ಹೇಳಿದರೆ ಹೆದರಿ ಊಟ ಬಿಡಬೇಡ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆ. ವಾರದಲ್ಲಿ ಎರಡು ದಿನ ತೋಳು, ತೊಡೆಗೆ ಬಲ ಬರುವ ವ್ಯಾಯಾಮ ಮಾಡು. ಅನ್ನದ ರಾಶಿ ಸ್ವಲ್ಪ ಕರಗಲಿ, ಕಾಳು, ಸೊಪ್ಪಿನ ಪಾಲು ಏರಲಿ. ತೂಕ ಹೆಚ್ಚಿದ್ದವರು ನೂರಕ್ಕೆ ಐದು ಪಾಲು ಇಳಿಸಿದರೂ ಮೈಗೆ ಗೊತ್ತಾಗುತ್ತದೆ. ತೂಕದ ಮುಳ್ಳು ಕದಲದಿದ್ದರೂ ನಡಿಗೆ ವ್ಯರ್ಥವಲ್ಲ. ಮೆಟ್‌ಫಾರ್ಮಿನ್ ಬೇಕೋ ಬೇಡವೋ ಎಂಬುದನ್ನು ನಿನ್ನ ಡಾಕ್ಟರು ಹೇಳಲಿ, ಪಕ್ಕದ ಮನೆಯವರಲ್ಲ.

ಮುಂದೆ ಮಗು ಬೇಕೆನಿಸಿದಾಗ ಬಸಿರಾಗುವ ಮುಂಚೆಯೇ ಜಿಟಿಟಿ ಮಾಡಿಸು, ಬಸುರಿನ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ. ಅಲ್ಲಿಯವರೆಗೆ ಕಾಯದೆ, ನಾಳೆಯ ಪರೀಕ್ಷೆ ನಿನಗೋಸ್ಕರವೇ ಆಗಲಿ. ಈ ಮೈ ಯಾರದೋ ಸೊಸೆಯಾಗುವ, ಯಾರದೋ ತಾಯಾಗುವ ಮೊದಲೇ ನಿನ್ನದು.