ಬೇಳೆಕಾಳು ಸಮಾವೇಶದಲ್ಲಿ ಯಾರು, ಏನು ಮಾತಾಡುತ್ತಾರೆ?



ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಆಮದು-ರಫ್ತಿನ ಪಾಠ ನಡೆಯುತ್ತಿದ್ದಾಗ ಜಾಗತಿಕ ಬೇಳೆಕಾಳು ಸಮಾವೇಶದ ಮಾತು ಬಂತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ‘ಸರ್, ಬೇಳೆ ಬಗ್ಗೆ ದಿನಗಟ್ಟಲೆ ಭಾಷಣ ಮಾಡೋಕೆ ಏನಿರುತ್ತೆ?’ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಒಳ್ಳೆಯದೇ ಆಗಿತ್ತು. ಆದರೆ ನಾನು ಉತ್ತರ ಶುರುಮಾಡುವಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಉಳಿದುಹೋದ ಉತ್ತರವೇ ಈ ಲೇಖನ.

ಮೊದಲು ಬೇಳೆಕಾಳು ಎಂದರೆ ಏನೆಂದು ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ, ಒಣಗಿದ ಕಾಳಿಗಾಗಿಯೇ ಬೆಳೆಯುವ ದ್ವಿದಳ ಧಾನ್ಯಗಳು ಮಾತ್ರ ಬೇಳೆಕಾಳುಗಳು. ತೊಗರಿ, ಕಡಲೆ, ಉದ್ದು, ಹೆಸರು, ಮಸೂರ, ಅಲಸಂದೆ, ರಾಜ್ಮಾ, ಒಣ ಬಟಾಣಿ ಇವೆಲ್ಲ ಈ ಪಟ್ಟಿಯಲ್ಲಿವೆ. ಹಸಿ ಬಟಾಣಿ ಮತ್ತು ಹುರುಳಿಕಾಯಿ ತರಕಾರಿಯ ಲೆಕ್ಕಕ್ಕೆ ಹೋಗುತ್ತವೆ. ಶೇಂಗಾ ಮತ್ತು ಸೋಯಾಬೀನ್‌ಗಳನ್ನು ಮುಖ್ಯವಾಗಿ ಎಣ್ಣೆಗಾಗಿ ಬಳಸುವುದರಿಂದ ಅವೂ ಹೊರಗೆ. ಅಂದರೆ ಒಂದೇ ಗಿಡದ ಬಟಾಣಿ ಹಸಿಯಿದ್ದಾಗ ಒಂದು ಸರಕು, ಒಣಗಿದ ಮೇಲೆ ಇನ್ನೊಂದು ಸರಕು. ವ್ಯಾಪಾರದ ಅಂಕಿ-ಅಂಶ ಓದುವಾಗ ಇದು ಗೊತ್ತಿರಬೇಕು. ಇಲ್ಲವಾದರೆ ಎರಡು ವರದಿಗಳ ಸಂಖ್ಯೆಗಳು ಹೊಂದಿಕೆಯಾಗದೆ ತಲೆ ಕೆಡುತ್ತದೆ.

ವಿಶ್ವಸಂಸ್ಥೆ 2016ನ್ನು ಅಂತಾರಾಷ್ಟ್ರೀಯ ಬೇಳೆಕಾಳು ವರ್ಷವೆಂದು ಆಚರಿಸಿತು. 2019ರಿಂದ ಪ್ರತಿ ಫೆಬ್ರವರಿ 10 ವಿಶ್ವ ಬೇಳೆಕಾಳು ದಿನ. ಇನ್ನು ವ್ಯಾಪಾರಿಗಳದ್ದೇ ಆದ ಸಂಘಟನೆ ಎಂದರೆ ಗ್ಲೋಬಲ್ ಪಲ್ಸ್ ಕಾನ್ಫೆಡರೇಷನ್. ಅದರ ಕಚೇರಿ ಇರುವುದು ದುಬೈಯಲ್ಲಿ. ಬೇರೆ ಬೇರೆ ದೇಶಗಳಲ್ಲಿ ಸಮಾವೇಶ ನಡೆಸುತ್ತ ಬಂದಿರುವ ಈ ಸಂಸ್ಥೆ 2024ರ ಫೆಬ್ರವರಿಯಲ್ಲಿ ನಾಫೆಡ್ ಜೊತೆ ಸೇರಿ ಹೊಸದಿಲ್ಲಿಯಲ್ಲಿ ಸಮಾವೇಶ ಮಾಡಿತು. ಭಾರತಕ್ಕೇ ಯಾಕೆ ಬಂದರು? ಜಗತ್ತಿನ ಬೇಳೆಕಾಳಿನಲ್ಲಿ ಸುಮಾರು ಕಾಲು ಭಾಗ ಬೆಳೆಯುವುದು ನಮ್ಮಲ್ಲಿ. ಅತಿ ಹೆಚ್ಚು ತಿನ್ನುವವರೂ ನಾವೇ. ಅಷ್ಟು ಬೆಳೆದೂ ಸಾಲದೆ ಹೊರಗಿನಿಂದ ಅತಿ ಹೆಚ್ಚು ತರಿಸುವವರಲ್ಲೂ ನಾವು ಮುಂದಿದ್ದೇವೆ. ದಿಲ್ಲಿಯಲ್ಲಿ ಒಂದು ಅಧಿಸೂಚನೆ ಹೊರಬಿದ್ದರೆ ಕೆನಡಾದ ರೈತ ಬಿತ್ತನೆಯ ಯೋಚನೆ ಬದಲಿಸುತ್ತಾನೆ.

ಇಂಥ ವೇದಿಕೆಯಲ್ಲಿ ಮೊದಲು ಮಾತಾಡುವವರು ಸರ್ಕಾರದವರು. ಆ ಸಮಾವೇಶದಲ್ಲಿ ಅಂದಿನ ಕೇಂದ್ರ ಆಹಾರ ಸಚಿವ ಪಿಯೂಷ್ ಗೋಯಲ್ ಅವರು 2014ರಲ್ಲಿ 171 ಲಕ್ಷ ಟನ್ ಇದ್ದ ಬೇಳೆಕಾಳು ಉತ್ಪಾದನೆ 2024ರ ಹೊತ್ತಿಗೆ 270 ಲಕ್ಷ ಟನ್‌ಗೆ, ಅಂದರೆ ಶೇ. 60ರಷ್ಟು ಏರಿದೆ ಎಂದು ಹೇಳಿದರು. ಸಂಖ್ಯಾಶಾಸ್ತ್ರದ ಪಾಠದಲ್ಲಿ ಕಲಿತ ‘ಆಧಾರ ವರ್ಷ’ ಇಲ್ಲಿ ಕೆಲಸಕ್ಕೆ ಬರುತ್ತದೆ. ದಯವಿಟ್ಟು ಪೆನ್ನು ತೆಗೆದುಕೊಳ್ಳಿ.

171 ಲಕ್ಷ ಟನ್ ಎಂಬುದು 2014-15ನೇ ಕೃಷಿ ವರ್ಷದ ಅಂಕಿ. ಅದು ಮಳೆ ಕೈಕೊಟ್ಟ ವರ್ಷ. ಅದರ ಹಿಂದಿನ 2013-14ರಲ್ಲಿ ಉತ್ಪಾದನೆ ಸುಮಾರು 192 ಲಕ್ಷ ಟನ್ ಇತ್ತು. 171ರಿಂದ 270ಕ್ಕೆ ಲೆಕ್ಕ ಹಾಕಿದರೆ ಏರಿಕೆ ಸುಮಾರು ಶೇ. 58. ಒಂದೇ ಒಂದು ವರ್ಷ ಹಿಂದಕ್ಕೆ ಸರಿದು 192ರಿಂದ ಲೆಕ್ಕ ಹಾಕಿದರೆ ಸುಮಾರು ಶೇ. 40. ಇನ್ನು 2023-24ರ ಅಂತಿಮ ಅಂದಾಜು ಬಂದಾಗ ಉತ್ಪಾದನೆ 242 ಲಕ್ಷ ಟನ್ ಎಂದಾಯಿತು. 192ರಿಂದ 242ಕ್ಕೆ ಏರಿಕೆ ಶೇ. 26. ಉತ್ಪಾದನೆ ಹೆಚ್ಚಿದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅದೇ ಬೆಳವಣಿಗೆ ಎಲ್ಲಿಂದ ಎಲ್ಲಿಗೆ ಅಳೆದೆವು ಎಂಬುದರ ಮೇಲೆ 58 ಆಗಬಹುದು, 40 ಆಗಬಹುದು, 26ಕ್ಕೂ ಇಳಿಯಬಹುದು. ಇದನ್ನು ಒಬ್ಬ ಸಚಿವರ ತಪ್ಪು ಹುಡುಕಲು ಹೇಳುತ್ತಿಲ್ಲ. ಪಕ್ಷ ಯಾವುದೇ ಇರಲಿ, ಕಂಪನಿಯ ಅಧ್ಯಕ್ಷರೇ ಇರಲಿ, ವೇದಿಕೆಯ ಮೇಲೆ ನಿಂತವರು ತಮಗೆ ಅನುಕೂಲವಾದ ವರ್ಷದಿಂದಲೇ ಎಣಿಸಲು ಶುರುಮಾಡುತ್ತಾರೆ. ನಮ್ಮ ಕಾಲೇಜಿನ ಫಲಿತಾಂಶ ಹೇಳುವಾಗ ನಾವೂ ಹಾಗೆ ಮಾಡಿದ್ದುಂಟು!

ಸರ್ಕಾರದವರ ಎದುರಿನ ಸಾಲುಗಳಲ್ಲಿ ಕುಳಿತಿರುವವರು ರಫ್ತುದಾರರು. ಕೆನಡಾ, ಆಸ್ಟ್ರೇಲಿಯಾ, ರಷ್ಯಾ, ಮ್ಯಾನ್ಮಾರ್, ಪೂರ್ವ ಆಫ್ರಿಕಾದ ದೇಶಗಳವರು. ಅವರು ಭಾಷಣದಲ್ಲಿ ತಮ್ಮ ದೇಶದ ಬಿತ್ತನೆ, ಮಳೆ, ದಾಸ್ತಾನು ಇತ್ಯಾದಿಗಳ ವಿವರ ಕೊಡುತ್ತಾರೆ. ಆದರೆ ಅವರು ಕೇಳಲು ಬಂದಿರುವುದು ಒಂದೇ ವಿಷಯ: ಭಾರತ ಮುಂದಿನ ವರ್ಷ ಕೊಳ್ಳುತ್ತದೆಯೋ, ಬಾಗಿಲು ಹಾಕುತ್ತದೆಯೋ? ದಿಲ್ಲಿ ಸಮಾವೇಶಕ್ಕೆ ಒಂದು ತಿಂಗಳು ಮುಂಚೆಯಷ್ಟೇ, ಜನವರಿ 2024ರಲ್ಲಿ, ಕೇಂದ್ರ ಸಚಿವ ಅಮಿತ್ ಶಾ ಅವರು 2027ರ ಡಿಸೆಂಬರ್ ಒಳಗೆ ದೇಶ ಬೇಳೆಕಾಳಿನಲ್ಲಿ ಸ್ವಾವಲಂಬಿಯಾಗಬೇಕು, ಆಮೇಲೆ ಒಂದು ಕಿಲೋ ಕೂಡ ಆಮದು ಮಾಡಬಾರದು ಎಂದು ಹೇಳಿದ್ದರು. ಅದಕ್ಕೂ ಒಂದು ತಿಂಗಳು ಹಿಂದೆ ಅದೇ ಸರ್ಕಾರ ಹಳದಿ ಬಟಾಣಿಯ ಆಮದು ಸುಂಕವನ್ನು ತೆಗೆದುಹಾಕಿತ್ತು. ರಫ್ತುದಾರ ಯಾವುದನ್ನು ನಂಬಬೇಕು? ಮುಂದೆ ನಡೆದದ್ದು ಹೀಗೆ: 2024-25ರಲ್ಲಿ ನಮ್ಮ ಆಮದು 70 ಲಕ್ಷ ಟನ್ ದಾಟಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿಸಿತು. ಅದರಲ್ಲಿ 20 ಲಕ್ಷ ಟನ್‌ಗೂ ಹೆಚ್ಚು ಹಳದಿ ಬಟಾಣಿಯೇ.

ಈ ಗೊಂದಲಕ್ಕೆ ಒಂದು ಹಿನ್ನೆಲೆಯಿದೆ. ಅದು ತೊಗರಿಯ ಕಥೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

2014 ಮತ್ತು 2015, ಎರಡೂ ವರ್ಷ ಬರ. 2015ರ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆ ಅಂಗಡಿಯಲ್ಲಿ ಕೆ.ಜಿ.ಗೆ 200 ರೂಪಾಯಿ ಮುಟ್ಟಿತು. ಹಾಸ್ಟೆಲುಗಳಲ್ಲಿ ಸಾರು ನೀರಾಯಿತು. ಮನೆಗಳಲ್ಲಿ ದಾಲ್ಚಾ ಮಾಡುವ ದಿನಗಳು ಕಡಿಮೆಯಾದವು. ಕಲಬುರಗಿಯ ರೈತನಿಗೆ ಆ 200 ರೂಪಾಯಿಯಲ್ಲಿ ಲಾಭ ಸಿಕ್ಕಿತೇ ಎಂದು ಕೇಳಿದರೆ, ಇಲ್ಲ. ತೊಗರಿ ಕಟಾವಾಗುವುದು ಡಿಸೆಂಬರ್-ಜನವರಿಯಲ್ಲಿ. ಅಕ್ಟೋಬರ್‌ನಲ್ಲಿ ರೈತನ ಮನೆಯಲ್ಲಿ ಮಾರಲು ಕಾಳು ಎಲ್ಲಿರುತ್ತದೆ? ಬೆಲೆ ಏರಿದಾಗ ಸರಕು ಇದ್ದದ್ದು ಗೋದಾಮುಗಳಲ್ಲಿ.

ಆದರೂ ಆ ಬೆಲೆ ರೈತನ ಕಣ್ಣಿಗೆ ಬಿತ್ತು. ಸರ್ಕಾರವೂ 2016-17ಕ್ಕೆ ಬೋನಸ್ ಸೇರಿಸಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಚೆನ್ನಾಗಿ ಬಂತು. ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ ಇದ್ದ ತೊಗರಿ ಉತ್ಪಾದನೆ 48 ಲಕ್ಷ ಟನ್‌ಗೆ ಹಾರಿತು. ಇತ್ತ ಬೇಳೆಯ ಅಭಾವಕ್ಕೆ ಹೆದರಿದ್ದ ಸರ್ಕಾರ 2016ರ ಜುಲೈನಲ್ಲಿ ಮೊಝಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಮೊದಲ ವರ್ಷ 1 ಲಕ್ಷ ಟನ್, ಐದನೆಯ ವರ್ಷಕ್ಕೆ 2 ಲಕ್ಷ ಟನ್. ಆ ವರ್ಷ ಎಲ್ಲ ಬೇಳೆಕಾಳು ಸೇರಿ ಸುಮಾರು 66 ಲಕ್ಷ ಟನ್ ಆಮದಾಯಿತು. ಒಳಗಿನ ಬೆಳೆಯೂ ಹೊರಗಿನ ಸರಕೂ ಒಟ್ಟಿಗೇ ಮಾರುಕಟ್ಟೆಗೆ ಬಂದು ಬಿದ್ದವು. ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ತೊಗರಿ ಚೀಲ ಹೊತ್ತ ಬಂಡಿ, ಟ್ರ್ಯಾಕ್ಟರುಗಳು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿದವು.

ಆಮೇಲೆ ಗಾಬರಿಯ ದಿಕ್ಕು ತಿರುಗಿತು. 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ. ನವೆಂಬರ್‌ನಲ್ಲಿ ಹಳದಿ ಬಟಾಣಿಗೆ ಶೇ. 50 ಸುಂಕ. ಡಿಸೆಂಬರ್‌ನಲ್ಲಿ ಕಡಲೆ ಮತ್ತು ಮಸೂರಕ್ಕೆ ಶೇ. 30. ಮೊಝಾಂಬಿಕ್‌ನ ಸಣ್ಣ ರೈತರು ತೊಗರಿ ಬೆಳೆಯುವುದು ಬಹುಪಾಲು ನಮಗಾಗಿಯೇ. ಅಲ್ಲಿನ ಅಡುಗೆಯಲ್ಲಿ ಅದರ ಬಳಕೆ ಕಡಿಮೆ. ಅಲ್ಲಿ ಬೆಲೆ ಕುಸಿದಾಗ ಅವರಿಗೆ ಬೇರೆ ಗಿರಾಕಿ ಇರಲಿಲ್ಲ. ಕಲಬುರಗಿಯ ರೈತನೂ ಮೊಝಾಂಬಿಕ್‌ನ ರೈತನೂ ಒಬ್ಬರನ್ನೊಬ್ಬರು ನೋಡಿದವರಲ್ಲ, ಆದರೆ ಒಂದೇ ವರ್ಷ ಒಂದೇ ಬೆಳೆಯಿಂದ ನಷ್ಟಪಟ್ಟರು. ಈ ವರ್ಷದ ಬೆಲೆ ನೋಡಿ ಮುಂದಿನ ವರ್ಷದ ಬಿತ್ತನೆ ನಿರ್ಧರಿಸಿದರೆ ಬೆಲೆ ಮೇಲೆ-ಕೆಳಗೆ ತುಯ್ಯುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆ ಮಾದರಿ ಎನ್ನುತ್ತಾರೆ. ಪುಸ್ತಕದಲ್ಲಿ ಅದು ನಾಲ್ಕು ಗೆರೆಗಳ ಚಿತ್ರ ಅಷ್ಟೇ.

ಸಮಾವೇಶಕ್ಕೆ ಮರಳೋಣ. ಮೂರನೆಯ ಗುಂಪು ಆಮದುದಾರರು ಮತ್ತು ದಾಲ್ ಮಿಲ್ ಮಾಲೀಕರು. ಅವರ ಭಾಷಣದಲ್ಲಿ ಸಾಮಾನ್ಯವಾಗಿ ಕೇಳಿಬರುವ ಬೇಡಿಕೆ, ‘ನೀತಿ ಪದೇ ಪದೇ ಬದಲಾಗಬಾರದು’ ಎಂಬುದು. ಇದು ಸಮಂಜಸವೇ. ಹಡಗು ಸಮುದ್ರದ ಮಧ್ಯೆ ಇದ್ದಾಗ ಸುಂಕ ಏರಿದರೆ ವ್ಯಾಪಾರಿ ಮುಳುಗುತ್ತಾನೆ. ಆದರೆ ಅವರ ಮಾತಿನಲ್ಲಿ ಬರುವ ‘ಸ್ಥಿರ ನೀತಿ’ಗೆ ಬಹುತೇಕ ಸಲ ‘ಕಡಿಮೆ ಸುಂಕ’ ಎಂಬ ಅರ್ಥವೂ ಸೇರಿರುತ್ತದೆ. ಶೇ. 50 ಸುಂಕವೇ ಸ್ಥಿರವಾಗಿರಲಿ ಎಂದು ಆಮದುದಾರರು ಬೇಡಿಕೊಂಡದ್ದನ್ನು ನಾನಂತೂ ಕೇಳಿಲ್ಲ.

ವಿಜ್ಞಾನಿಗಳಿಗೆ ಸಿಗುವ ಚಪ್ಪಾಳೆ ಕಡಿಮೆ. ನನ್ನ ಮಟ್ಟಿಗೆ ಹೆಚ್ಚು ಬಾಳಿಕೆಯ ಮಾತು ಅವರದೇ. ತೊಗರಿಗೆ ಬರುವ ನೆಟೆ ರೋಗದಿಂದ ಹೂವಾಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಈ ರೋಗ ತಡೆಯುವ ‘ಮಾರುತಿ’ ತಳಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಆಯ್ಕೆಯಾಗಿ 1986ರಲ್ಲಿ ಬಿಡುಗಡೆಯಾಯಿತು. ಉತ್ತರ ಕರ್ನಾಟಕದ ಹೊಲಗಳಲ್ಲಿ ಅದು ಬಹುಕಾಲ ಉಳಿಯಿತು. ಅತ್ತ ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಆಲ್ ಸ್ಲಿಂಕಾರ್ಡ್ ಎಂಬ ತಳಿ ವಿಜ್ಞಾನಿ 1978ರಲ್ಲಿ ‘ಲೇರ್ಡ್’ ಎಂಬ ಮಸೂರ ತಳಿಯನ್ನು ಹೊರತಂದರು. ಗೋಧಿ ಬಿಟ್ಟು ಬೇರೆ ಯೋಚಿಸದಿದ್ದ ಆ ಬಯಲುಸೀಮೆ ಈಗ ಜಗತ್ತಿಗೇ ಮಸೂರ ಕಳುಹಿಸುತ್ತದೆ. ವಿಜ್ಞಾನ ವಿಭಾಗದವರಿಗೆ ಒಂದು ಮಾತು: ಬೇಳೆಕಾಳಿನ ಗಿಡ ಕಿತ್ತಾಗ ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ತಿಳಿಗೆಂಪು ಬಣ್ಣವಿದ್ದರೆ ರೈಜೋಬಿಯಂ ಕೆಲಸ ಮಾಡುತ್ತಿದೆ ಎಂದರ್ಥ. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಕಾರ್ಖಾನೆ ಅದು.

ಇತ್ತೀಚೆಗೆ ಆಹಾರ ಕಂಪನಿಗಳವರೂ ವೇದಿಕೆ ಏರುತ್ತಾರೆ. ಅವರಿಗೆ ಬಟಾಣಿಯಲ್ಲಿ ಕಾಣುವುದು ಬೇಳೆಯಲ್ಲ, ಪ್ರೋಟೀನ್ ಪುಡಿ. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಬೆಳೆದವನ ಮಾತು? ಇಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಸಸ್ಕಾಚೆವಾನ್‌ನಲ್ಲಿ ರೈತ ಕಾಳು ಮಾರಿದಾಗಲೆಲ್ಲ ಬಂದ ಹಣದ ಒಂದು ಸಣ್ಣ ಪಾಲು ಬೆಳೆಗಾರರದ್ದೇ ಸಂಸ್ಥೆಗೆ ಹೋಗುತ್ತದೆ. ಆ ಹಣದಿಂದ ಸಂಶೋಧನೆ ನಡೆಯುತ್ತದೆ, ಮಾರುಕಟ್ಟೆ ಹುಡುಕುತ್ತಾರೆ, ಸಮಾವೇಶಕ್ಕೆ ತಮ್ಮ ಪ್ರತಿನಿಧಿಯನ್ನು ಕಳುಹಿಸುತ್ತಾರೆ. ಅಮೆರಿಕದ ನಾರ್ತ್ ಡಕೋಟ, ಮಿಶಿಗನ್‌ನಲ್ಲಿ ರಾಜ್ಮಾ ಜಾತಿಯ ಕಾಳು ಬೆಳೆಯುವವರಿಗೂ ಇಂಥ ಸಂಸ್ಥೆಗಳಿವೆ. ನಮ್ಮಲ್ಲಿ ಕಲಬುರಗಿಯಲ್ಲಿ ತೊಗರಿ ಅಭಿವೃದ್ಧಿ ಮಂಡಳಿ ಇದೆ, 2019ರಲ್ಲಿ ಅಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಮಂಡಳಿ ಸರ್ಕಾರದ್ದು. ಸ್ವಂತ ಹಣ ಹಾಕಿ ಕಟ್ಟಿದ ಸಂಸ್ಥೆಯ ಪ್ರತಿನಿಧಿಯಾಗಿ ರೈತ ಮಾತಾಡುವುದೇ ಬೇರೆ, ಅವನ ಪರವಾಗಿ ಇನ್ನೊಬ್ಬರು ಮಾತಾಡುವುದೇ ಬೇರೆ. 2025ರಲ್ಲಿ ಕೇಂದ್ರ ಸರ್ಕಾರ 11,440 ಕೋಟಿ ರೂಪಾಯಿಗಳ ಹೊಸ ಬೇಳೆಕಾಳು ಯೋಜನೆ ಆರಂಭಿಸಿ, 2030-31ಕ್ಕೆ 350 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟಿದೆ. ಆ ಗುರಿ ಮುಟ್ಟಿದ ವರ್ಷ ಬೆಲೆ ಏನಾಗಿರುತ್ತದೆ ಎಂದು 2017ನ್ನು ಕಂಡ ರೈತ ಕೇಳಿದರೆ ಅದಕ್ಕೆ ಉತ್ತರ ಬೇಕಲ್ಲವೇ?

ಈಗ ನಿಮಗೊಂದು ಕೆಲಸ. 100 ಕೆ.ಜಿ. ತೊಗರಿಯಿಂದ ಮಿಲ್‌ನಲ್ಲಿ ಸುಮಾರು 70 ಕೆ.ಜಿ. ಬೇಳೆ ಬರುತ್ತದೆ, ಉಳಿದದ್ದು ಹೊಟ್ಟು, ನುಚ್ಚು. 2024-25ರಲ್ಲಿ ತೊಗರಿಗೆ ಕ್ವಿಂಟಲ್‌ಗೆ 7,550 ರೂಪಾಯಿ ಬೆಂಬಲ ಬೆಲೆ ಇತ್ತು. ಅದನ್ನು 70ರಿಂದ ಭಾಗಿಸಿದರೆ ಒಂದು ಕೆ.ಜಿ. ಬೇಳೆಯಲ್ಲಿರುವ ಕಾಳಿನ ಬೆಲೆ ಸುಮಾರು 108 ರೂಪಾಯಿ. ಇದೇ ರೀತಿ ಈ ವಾರ ಒಂದು ದಿನ ಪತ್ರಿಕೆಯಲ್ಲಿ ಬರುವ ಕಲಬುರಗಿ ಎಪಿಎಂಸಿಯ ತೊಗರಿ ಧಾರಣೆ ಬರೆದುಕೊಳ್ಳಿ. ಅದೇ ದಿನ ನಿಮ್ಮ ಬೀದಿಯ ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳಿ. ಎರಡರ ನಡುವಿನ ಅಂತರ ಲೆಕ್ಕ ಹಾಕಿ, ಅದರಲ್ಲಿ ಮಿಲ್ಲಿನ ಖರ್ಚು, ಸಾಗಣೆ, ಚೀಲ, ವ್ಯಾಪಾರಿಯ ಲಾಭ ಎಷ್ಟೆಷ್ಟಿರಬಹುದೆಂದು ಅಂಗಡಿಯವರನ್ನೇ ವಿಚಾರಿಸಿ. ಬೇಸರಪಡದೆ ಹೇಳುತ್ತಾರೆ, ಸಂಜೆಯ ಗಿರಾಕಿ ಹೊತ್ತಿನಲ್ಲಿ ಮಾತ್ರ ಹೋಗಬೇಡಿ. ಶನಿವಾರದೊಳಗೆ ಲೆಕ್ಕದ ಹಾಳೆಯನ್ನು ಅರ್ಥಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ಹಿಂದಿನ ಬೆಂಚಿನವನಿಂದಲೇ ಶುರುಮಾಡೋಣ.